ಕಡಲು ಕಾಯಿಸುವ ಊರಿನಲ್ಲಿ ತಮ್ಮನ ಪರೀಕ್ಷೆ

ಕಾಂದಿವಲಿ, ಹೊರಡುವ ಮೊದಲು

ನನ್ನ ತಮ್ಮ ಗಿರೀಶ ಎರಡು ಸಲ ಫೇಲಾಗಿದ್ದ ಪರೀಕ್ಷೆಗೆ ಮೂರನೆಯ ಸಲ ಕೂರುವವನಿದ್ದ. ನಾನು ಮೊದಲ ಬಾರಿ ದೇಶ ಬಿಟ್ಟು ಹೋದದ್ದು ಆ ಕಾರಣಕ್ಕೆ. ಐವತ್ತೆರಡರ ಹೆಂಗಸು ನಲವತ್ತಾರರ ತಮ್ಮನಿಗೆ ಪಾಠ ಹೇಳಲು ವಿಮಾನ ಹತ್ತುವುದು ನಗುವ ವಿಷಯವೇ. ಮುಂಬೈಯ ಅಂಧೇರಿಯ ಕಾಲೇಜಿನಲ್ಲಿ, ನಾನು ಕೆಮಿಸ್ಟ್ರಿ ಕಲಿಸುವ ವಿಭಾಗದಲ್ಲಿ, ಎಲ್ಲರೂ ನಕ್ಕರು ಕೂಡ.

ಗಿರೀಶ ಕೊಲ್ಲಿಯ ತೀರದ ಒಂದು ಊರಿನ ಸ್ಥಾವರದಲ್ಲಿ ಕೆಲಸಕ್ಕಿದ್ದಾನೆ. ಊರಿನ ಹೆಸರು ಬರೆಯಬೇಡ ಎಂದಿದ್ದಾನೆ, ಬರೆಯುವುದಿಲ್ಲ. ಅಲ್ಲಿ ಗ್ಯಾಸ್ ಉರಿಸಿ ಕರೆಂಟ್ ಮಾಡುತ್ತಾರೆ. ಅದೇ ಶಾಖದಿಂದ ಸಮುದ್ರದ ನೀರನ್ನು ಕಾಯಿಸಿ, ಆವಿ ಹಿಡಿದು, ಕುಡಿಯುವ ನೀರು ಮಾಡುತ್ತಾರೆ. ಒಂಬತ್ತು ವರ್ಷಗಳಿಂದ ಅವನು ಕಂಟ್ರೋಲ್ ರೂಮಿನಲ್ಲಿ ಆಪರೇಟರ್. ಈ ಪರೀಕ್ಷೆ ಪಾಸಾದರೆ ಪಾಳಿಯ ಮುಖ್ಯಸ್ಥನಾಗುತ್ತಾನೆ, ಮುಖ್ಯಸ್ಥರಿಗೆ ಮಾತ್ರ ಸಂಸಾರದ ಮನೆ ಕೊಡುತ್ತಾರೆ. ಹೆಂಡತಿ ರೇಖಾ, ಹನ್ನೆರಡು ವರ್ಷದ ಮಗಳು ಮುಕ್ತಾ ಕಾಂದಿವಲಿಯಲ್ಲಿ ನಮ್ಮ ಬಿಲ್ಡಿಂಗಿನಲ್ಲೇ ಎರಡು ಮಹಡಿ ಕೆಳಗಿದ್ದಾರೆ. ಈ ಪರೀಕ್ಷೆಗೆ ಒಬ್ಬರಿಗೆ ಮೂರೇ ಅವಕಾಶ. ನಾಲ್ಕನೆಯದು ಇಲ್ಲ.

"ಅಕ್ಕಾರ, ನೀವs ಹೋಗಿ ಬರ್ರಿ," ಎಂದಳು ರೇಖಾ. "ಐ.ಟಿ.ಐ. ಪಾಸ್ ಮಾಡಿಸಿದವರು ನೀವು. ನಾ ಹೇಳಿದ್ರ ಅವರಿಗೆ ತಲಿಗೆ ಹತ್ತೂದಿಲ್ಲ. ಫೋನ್ ಇಟ್ಟುಬಿಡ್ತಾರ."

ನನಗೆ ಬಾಯ್ಲರಿನ ಬಗ್ಗೆ ಪುಸ್ತಕದಲ್ಲಿರುವಷ್ಟೇ ಗೊತ್ತು. ನನ್ನಿಂದ ಅವನಿಗೆ ಉಪಯೋಗವೋ, ಇನ್ನಷ್ಟು ಗಾಬರಿಯೋ ಎಂಬ ಅನುಮಾನವಿತ್ತು. ಆದರೂ ಕ್ರಿಸ್ಮಸ್ ರಜೆಗೆ ಹತ್ತು ದಿನ ಹೊರಟೆ. ಹಳಿ ದುರಸ್ತಿಗೆಂದು ಲೋಕಲ್ ರೈಲು ನಿಲ್ಲಿಸುವ ಮೆಗಾಬ್ಲಾಕ್ ಇರುವ ಭಾನುವಾರ ಕಾಂದಿವಲಿಯಿಂದ ಪನವೇಲಿಗೆ ಹೋಗಿ ಬರುವಷ್ಟು ಹೊತ್ತಿನಲ್ಲಿ ಆ ದೇಶದಲ್ಲಿ ಇಳಿದಾಗಿತ್ತು. ಕಸ್ಟಮ್ಸಿನ ಹುಡುಗಿ ನನ್ನ ಶೇಂಗಾ ಚಟ್ನಿಯ ಪೊಟ್ಟಣ ಬಿಚ್ಚಿ ಮೂಸಿ ಐದಾರು ಸಲ ಸೀನಿದಳು. ಕಣ್ಣೊರೆಸಿಕೊಂಡು, ಇದನ್ನು ಯಾರು ತಿನ್ನುತ್ತಾರೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನನ್ನ ತಮ್ಮ ಎಂದೆ. ಅವನ ಮೇಲೆ ಮರುಕ ಬಂತೋ ಏನೋ, ಬಿಟ್ಟಳು.

ಮೊದಲ ಬೆಳಗು

ಗಿರೀಶ ಇರುವುದು ಒಂಟಿ ಗಂಡಸರ ವಸತಿಯಲ್ಲಿ. ಹಾಗಾಗಿ ಅವನ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ನನಗೆ ಜಾಗ ಮಾಡಿದ್ದ. ಅವರು ಉಡುಪಿ ಕಡೆಯವರು. ಗಂಡ ರಾತ್ರಿ ಪಾಳಿ ಮುಗಿಸಿ ಹಗಲು ಮಲಗುತ್ತಿದ್ದುದರಿಂದ ನನ್ನ ಪಾಲಿಗೆ ಸಿಕ್ಕದ್ದು ಹೆಂಡತಿ ವನಿತಾ.

ನಮ್ಮೂರಿನ ಲೆಕ್ಕದಲ್ಲಿ ಬೆಳಗ್ಗೆ ಐದಕ್ಕೆ ಎಚ್ಚರವಾಯಿತು. ಮೂವತ್ತು ವರ್ಷದ ಅಭ್ಯಾಸ, ನಮ್ಮ ಬಿಲ್ಡಿಂಗಿಗೆ ನೀರು ಬರುವ ಹೊತ್ತು. ಎದ್ದವಳೇ ಬಾತ್‌ರೂಮಿನ ಎರಡು ಬಕೆಟ್, ಒಂದು ಟಬ್ ತುಂಬಿದೆ. ಅಡಿಗೆಮನೆಯಲ್ಲಿ ಬೋರಲು ಹಾಕಿದ್ದ ಕುಕ್ಕರ್, ಎರಡು ಪಾತ್ರೆ, ಒಂದು ದೊಡ್ಡ ಡಬ್ಬಿ ತುಂಬಿದೆ. ಥರ್ಮಾಸ್ ಕೈಗೆತ್ತಿಕೊಂಡಾಗ ದೀಪ ಹೊತ್ತಿತು.

"ಅಯ್ಯೋ, ಎಂತ ಆಯ್ತು ಸುಧಕ್ಕ? ನೀರು ಹೋಗ್ತದೆ ಅಂತ ಯಾರಾದ್ರೂ ಹೇಳಿದ್ರಾ?"

"ಇಲ್ಲ... ಬಂದಿತ್ತಲ್ಲ, ಅದಕ್ಕ ತುಂಬಿಟ್ಟೆ."

ವನಿತಾ ಬಾಗಿಲಿಗೆ ಒರಗಿಕೊಂಡು ನಕ್ಕಳು. "ಇಲ್ಲಿ ಅದು ಬರುವುದೂ ಇಲ್ಲ, ಹೋಗುವುದೂ ಇಲ್ಲ ಮಾರಾಯ್ರೆ. ಇರ್ತದೆ ಅಷ್ಟೇ."

ಆ ಮಾತು ಕೇಳಿ ನನಗೆ ಯಾಕೋ ನಾಚಿಕೆಯಾಯಿತು. ತುಂಬಿದ್ದನ್ನು ಚೆಲ್ಲಲು ಇಬ್ಬರಿಗೂ ಮನಸ್ಸಾಗದೆ, ಆ ದಿನ ಮನೆಯ ಪರದೆಗಳನ್ನೆಲ್ಲ ಒಗೆದು ಹಾಕಿದೆವು.

ವನಿತಾಳ ಮನೆಯ ಎದುರಿಗೆ ಅಂಥದೇ ಇನ್ನೊಂದು ಮನೆ ಖಾಲಿ ಬಿದ್ದಿತ್ತು. ಬಾಗಿಲಿಗೆ ಬೀಗ, ಮುಂದೆ ಒಣಗಿದ ಒಂದು ಕುಂಡ. ಪಾಸಾದರೆ ಗಿರೀಶನಿಗೆ ಸಿಗುವ ಮನೆ ಅದು. ಸಂಜೆ ಅವನು ಬಂದಾಗ ಗಮನಿಸಿದೆ, ಆ ಬಾಗಿಲಿನ ಕಡೆ ನೋಡದೆ ಒಳಗೆ ಬಂದ. ಮರುದಿನವೂ ಹಾಗೆಯೇ ಬಂದ.

ಗೇಟಿನ ಒಳಗೆ

ಸಂಬಂಧಿಕರಿಗೆ ಸ್ಥಾವರ ತೋರಿಸುವ ದಿನವೊಂದಿತ್ತು. ತೋರಿಸಿದವರು ಸಲೀಂ ಎಂಬ ಹಿರಿಯ ಎಂಜಿನಿಯರ್. ಅದೇ ಊರಿನವರು, ಗಿರೀಶನ ಪರೀಕ್ಷಾ ಮಂಡಳಿಯ ಮುಖ್ಯಸ್ಥರೂ ಅವರೇ ಎಂದು ಕೇಳಿ ನಾನು ಬೇಕಾದ್ದಕ್ಕಿಂತ ಹೆಚ್ಚು ವಿನಯದಿಂದ ನಡೆದುಕೊಂಡೆ. ಅವರು ಹಿಂದಿಯಲ್ಲೇ ಮಾತಾಡಿದರು, ಅದೂ ನಮ್ಮ ಮುಂಬೈ ಹಿಂದಿ.

ನಾನು ಎಣಿಸಿದ್ದು ಹೊಗೆ, ಮಸಿ, ಗದ್ದಲ. ಇದ್ದದ್ದು ಸದ್ದು ಮಾತ್ರ. ಕಿವಿಗಿಂತ ಅಂಗಾಲಿಗೆ ಹೆಚ್ಚು ಗೊತ್ತಾಗುವಂಥ ಒಂದೇ ಸಮನಾದ ಸದ್ದು. ಒಂದು ಕಡೆ ಗ್ಯಾಸ್ ಉರಿದು ಟರ್ಬೈನ್ ತಿರುಗುತ್ತದೆ. ಹೊರಬಿದ್ದ ಬಿಸಿಯಿಂದ ಹಬೆಯಾಗುತ್ತದೆ. ಹಬೆ ಇನ್ನೊಂದು ಟರ್ಬೈನ್ ತಿರುಗಿಸಿ, ಅರ್ಧ ದಣಿದು, ಸಮುದ್ರದ ನೀರಿನ ಕೋಣೆಗಳಿಗೆ ಬರುತ್ತದೆ. ಸಾಲಾಗಿ ಜೋಡಿಸಿದ, ಲೋಕಲ್ ರೈಲಿನ ಡಬ್ಬಿಗಳಂಥ ಉಕ್ಕಿನ ಕೋಣೆಗಳು. ಒಂದೊಂದು ಕೋಣೆಯಲ್ಲೂ ಒಂದಿಷ್ಟು ನೀರು ಆವಿಯಾಗಿ, ತಣಿದು, ಹನಿಯಾಗಿ ಬೀಳುತ್ತದೆ. ಉಪ್ಪು ಉಳಿದ ನೀರು ಬೆಚ್ಚಗಾಗಿ ಸಮುದ್ರಕ್ಕೆ ಮರಳುತ್ತದೆ.

"ಚಳಿಗಾಲದಾಗ ನಮಗ ತ್ರಾಸ ಜಾಸ್ತಿ, ಅಕ್ಕಾ," ಎಂದ ಗಿರೀಶ. "ಎ.ಸಿ. ಬಂದ್ ಮಾಡ್ತಾರ, ಕರೆಂಟ್ ಯಾರಿಗೂ ಬ್ಯಾಡ. ನೀರು ಮಾತ್ರ ಅಷ್ಟs ಬೇಕು. ಟರ್ಬೈನ್ ಇಳಿಸಿದ್ರ ಹಬಿ ಇಲ್ಲ, ಹಬಿ ಇಲ್ಲಂದ್ರ ನೀರಿಲ್ಲ. ಎರಡೂ ಒಂದs ಹಗ್ಗಕ್ಕ ಕಟ್ಟಿದ ಎತ್ತು ನೋಡು. ಒಂದು ಕೂತ್ರ ಇನ್ನೊಂದು ಕೂಡ್ತದ."

ನಲ್ಲಿಯೊಂದರಿಂದ ಸಲೀಂ ನನಗೆ ಆಗಷ್ಟೇ ಆವಿಯಿಂದ ಇಳಿದ ನೀರು ಕೊಟ್ಟರು. ಇನ್ನೂ ಸುಣ್ಣಕಲ್ಲಿನ ಮೇಲೆ ಹಾಯಿಸದ, ಖನಿಜ ಸೇರದ ನೀರು. ಮೂವತ್ತು ವರ್ಷ ಲ್ಯಾಬಿನಲ್ಲಿ ಬಟ್ಟಿ ಇಳಿಸಿದ ನೀರನ್ನು ಬಳಸಿದ್ದೇನೆ. ಒಂದು ದಿನವೂ ಕುಡಿದು ನೋಡಿರಲಿಲ್ಲ ಎಂಬುದು ಆಗ ಹೊಳೆಯಿತು. ರುಚಿ ಏನೂ ಇರಲಿಲ್ಲ. ಕುಡಿದ ಮೇಲೆ ನನ್ನ ಬಾಯಿಯ ರುಚಿಯೇ ನನಗೆ ತಿಳಿಯಿತು, ಬೆಳಗಿನ ಚಹಾದ್ದು.

"ಕೈಸಾ ಹೈ?" ಎಂದರು ಸಲೀಂ.

"ಕುಛ್ ನಹೀ ಹೈ," ಎಂದೆ.

"ಬಸ್, ಯಹೀ ಚಾಹಿಯೇ," ಏನೂ ಇಲ್ಲದಿರುವುದೇ ಬೇಕಾದದ್ದು ಎಂದು ಅವರು ಖುಷಿಪಟ್ಟರು.

ಚಿಕ್ಕವರಿದ್ದಾಗ ಅವರ ಮನೆಯವರೆಲ್ಲ ಮಳೆ ನೋಡಲೆಂದೇ ಜುಲೈಯಲ್ಲಿ ಮುಂಬೈಗೆ ಬರುತ್ತಿದ್ದರಂತೆ. ಬಾಂದ್ರಾದ ಕಡಲ ದಂಡೆಯಲ್ಲಿ ಅಜ್ಜ ಕೊಡೆಯಿಲ್ಲದೆ ನಿಂತು ತೋಯಿಸಿಕೊಳ್ಳುತ್ತಿದ್ದರಂತೆ. "ನಮ್ಮಲ್ಲಿ ನೀರು ಕಾರ್ಖಾನೆಯಿಂದ ಬರುತ್ತದೆ, ನಿಮ್ಮಲ್ಲಿ ಆಕಾಶದಿಂದ," ಎಂದರು ಅದೇ ಹಿಂದಿಯಲ್ಲಿ. "ಫಿರ್ ಭೀ ಬಾಲ್ಟಿ ಆಪ್ ಲೋಗ್ ಭರತೇ ಹೋ!" ಆದರೂ ಬಕೆಟ್ ತುಂಬಿಡುವವರು ನೀವೇ ಎಂದು. ನನ್ನ ಮೊದಲ ಬೆಳಗಿನ ಸುದ್ದಿ ವನಿತಾಳ ಗಂಡನ ಮೂಲಕ ಕಂಟ್ರೋಲ್ ರೂಮಿಗೆಲ್ಲ ತಲುಪಿತ್ತು.

ನನ್ನ ಡೈರಿಯಲ್ಲಿ ಆ ದಿನದ ಸಮುದ್ರ ಹಸಿರು ಎಂದಿದೆ. ನನ್ನ ನೆನಪಿನಲ್ಲಿ ಅದು ನೀಲಿ. ಡೈರಿಯನ್ನೇ ನಂಬುತ್ತೇನೆ.

ಪಾಠ

ಪರೀಕ್ಷೆಗೆ ನಾಲ್ಕು ದಿನ. ವನಿತಾಳ ಊಟದ ಮೇಜಿನ ಮೇಲೆ ಅವನ ಕೈಪಿಡಿಗಳನ್ನು ಹರಡಿ ಪ್ರಶ್ನೆ ಕೇಳುತ್ತ ಹೋದೆ. ಅವನಿಗೆ ಬರದ ಉತ್ತರವೇ ಇರಲಿಲ್ಲ. ವಾಲ್ವಿನ ನಂಬರು, ಒತ್ತಡದ ಮಿತಿ, ಯಾವುದರ ನಂತರ ಯಾವುದು, ಎಲ್ಲ ಬಾಯಿಪಾಠ. ಇಂಥವನು ಎರಡು ಸಲ ಹೇಗೆ ಫೇಲಾದ?

"ಅವರು ಕೇಳೂದು ಇದಲ್ಲ, ಅಕ್ಕಾ. ಸಿಮ್ಯುಲೇಟರ್ ಮುಂದ ಕೂಡಸ್ತಾರ. ಥೇಟ್ ಕಂಟ್ರೋಲ್ ರೂಮ್ ಇದ್ಹಂಗ. ನಡಕ ಏನಾರ ಕೆಡಸ್ತಾರ."

ಕೆಡಿಸುವುದು ಪ್ರತಿಸಲವೂ ಹೆಚ್ಚುಕಡಿಮೆ ಒಂದೇ. ಗ್ಯಾಸಿನ ಟರ್ಬೈನ್ ತಟ್ಟನೆ ನಿಲ್ಲುತ್ತದೆ. ಹಬೆ ಕುಗ್ಗುತ್ತದೆ. ಉಕ್ಕಿನ ಕೋಣೆಗಳಲ್ಲಿ ಒತ್ತಡ ಏರುಪೇರಾಗಿ ಉಪ್ಪುನೀರು ಕುದಿದು ಎಗರುತ್ತದೆ, ಒಂದಿಷ್ಟು ಶುದ್ಧ ನೀರಿನೊಳಗೆ ಸಿಡಿಯುತ್ತದೆ. ಆಗ ಉಪ್ಪು ಅಳೆಯುವ ಮೀಟರಿನ ಮುಳ್ಳು ಏರುತ್ತದೆ. ಆ ಕ್ಷಣ ತಯಾರಾದ ನೀರನ್ನೆಲ್ಲ ತೊಟ್ಟಿಗೆ ಬಿಡದೆ ಸಮುದ್ರಕ್ಕೆ ಚೆಲ್ಲಬೇಕು. ಅವರ ಮಾತಿನಲ್ಲಿ ಡಂಪ್. ಸಾಮಾನ್ಯವಾಗಿ ಯಂತ್ರವೇ ಚೆಲ್ಲುತ್ತದೆ. ಪರೀಕ್ಷೆಯಲ್ಲಿ ಯಂತ್ರ ಕೈಕೊಟ್ಟಂತೆ ಮಾಡುತ್ತಾರೆ, ಮನುಷ್ಯನೇ ಗುಂಡಿ ಒತ್ತಬೇಕು. ತಡವಾದರೆ ಉಪ್ಪು ತೊಟ್ಟಿಗಿಳಿದು ಇಡೀ ಊರಿನ ನೀರು ಕೆಡುತ್ತದೆ.

"ನೀ ಏನ ಮಾಡಿದಿ?"

"ಕಾದೆ."

"ಯಾಕ?"

"ಇಳೀತದೇನೋ ಅಂತ. ಮುಳ್ಳು ಒಮ್ಮೊಮ್ಮೆ ತಾನs ಇಳೀತದ." ಕೈಪಿಡಿಯ ಅಂಚನ್ನು ಮಡಚುತ್ತಿದ್ದ. "ಅಷ್ಟು ನೀರು, ಅಕ್ಕಾ. ಸಣ್ಣವರಿದ್ದಾಗ ನಾವಿದ್ದ ಚಾಳಿನ ಮಂದಿ ಎಲ್ಲಾ ತಿಂಗಳ ಕುಡೀಬಹುದಿತ್ತು. ಒಂದು ಗುಂಡಿ ಒತ್ತಿ ಸಮುದ್ರಕ್ಕ ಚೆಲ್ಲು ಅಂತಾರ. ಕೈ ಏಳೂದಿಲ್ಲ."

"ಎರಡೂ ಸಲ?"

"ಎರಡೂ ಸಲ. ಎರಡನೇ ಸಲ ಇನ್ನೂ ತಡ ಆತು."

ಸಲೀಂ ಅವನಿಗೆ ಹೇಳಿದ್ದರಂತೆ, ನಿನಗೆ ಯಂತ್ರವೆಲ್ಲ ಗೊತ್ತು, ಆದರೆ ಕೆಟ್ಟ ನೀರನ್ನು ನೀರೆಂದೇ ತಿಳಿಯುತ್ತೀ ಎಂದು. ನಾನು ಕೈಪಿಡಿ ಮುಚ್ಚಿಟ್ಟೆ. ಇದಕ್ಕೆ ಕೆಮಿಸ್ಟ್ರಿ ಬೇಕಿರಲಿಲ್ಲ.

ಶುಕ್ರವಾರ, ಕಡಲ ದಂಡೆ

ರಜೆಯ ದಿನ. ಊರಿಗೆ ಊರೇ ದಂಡೆಗೆ ಬಂದಂತಿತ್ತು. ಇಲ್ಲಿಯವರು ಕಾರ್ಪೆಟ್ಟು, ದಿಂಬು, ಕಾಫಿಯ ಹೂಜಿ ಸಮೇತ ಬಂದು ಮನೆಯ ಹಾಲಿನಲ್ಲಿ ಕೂತಂತೆ ಮರಳಿನಲ್ಲಿ ಕೂರುತ್ತಾರೆ. ಪಕ್ಕದ ಕಾರ್ಪೆಟ್ಟಿನ ಅಜ್ಜಿ ಖರ್ಜೂರದ ತಟ್ಟೆ ಕಳಿಸಿದರು. ನಾವು ಚಟ್ನಿಪುಡಿ ಹಚ್ಚಿದ ಚಪಾತಿ ಕಳಿಸಿದೆವು. ತಟ್ಟೆ ಖಾಲಿಯಾಗಿ ಬಂತು, ಸೀನಿದ ಸದ್ದು ಕೇಳಲಿಲ್ಲ.

ಗಿರೀಶ ಇದ್ದಕ್ಕಿದ್ದಂತೆ ಕೇಳಿದ: "ಕೆಂಪು ನೀರು ಬಂದಿದ್ದು ನೆನಪದ ಏನ?"

ನೆನಪಿದೆ. ನಮ್ಮಪ್ಪ ಧಾರವಾಡ ಬಿಟ್ಟು ಬಂದು ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಬಣ್ಣದ ಕಾರ್ಖಾನೆಯೊಂದಕ್ಕೆ ಸೇರಿದ್ದರು. ನಾವಿದ್ದ ಚಾಳಿನಲ್ಲಿ, ಒಂದೊಂದೇ ಕೋಣೆಯ ಆ ಸಾಲುಮನೆಗಳಲ್ಲಿ, ಎಲ್ಲರಿಗೂ ಸೇರಿ ಒಂದೇ ನಲ್ಲಿ. ಒಂದು ಬೆಳಗ್ಗೆ ಅದರಲ್ಲಿ ತುಸು ಕೆಂಪಾದ ನೀರು ಬಂತು. ಎಲ್ಲೋ ಪೈಪ್ ಒಡೆದು ಬಣ್ಣ ಸೇರಿತ್ತೆಂದು ಕಾಣುತ್ತದೆ. ನನ್ನ ನೆನಪಿನಲ್ಲಿ ಅವ್ವ ಅದನ್ನು ಹಳೆ ಧೋತರದಲ್ಲಿ ಸೋಸಿ ಡ್ರಮ್ಮಿಗೆ ಹಾಕಿಟ್ಟಳು, ಎರಡು ದಿನ ಪಾತ್ರೆ ತಿಕ್ಕಲು ಬಳಸಿದೆವು.

"ಎರಡು ದಿನ ಎಲ್ಲಿ?" ಎಂದ ಅವನು. "ಅವತ್ತs ನೀ ಬಂದು ಡ್ರಮ್ ಒದ್ದಿ."

"ನಾನಾ?"

"ನೀನs. ಕಾಲೇಜಿನಿಂದ ಬಂದಿ, ಬಗ್ಗಿ ಮೂಸಿ ನೋಡಿದಿ, ಸೀದಾ ಒದ್ದು ಉರುಳಿಸಿದಿ. ಚಾಳ್ ತುಂಬ ಕೆಂಪು ನೀರು. ಅವ್ವ ನಿನಗ ಬೈದ ಬೈಗುಳ ನಾ ಹೇಳಲಾರೆ, ಇಲ್ಲಿ ಹೆಣ್ಮಕ್ಕಳು ಕೂತಾರ."

"ಗಿರ್ಯಾ, ನನಗ ನೆನಪಿಲ್ಲೋ. ಅದು ಪಕ್ಕದ ಮನೀ ಮಂಗಲಾ ಇರಬೇಕು."

"ನಿನಗ ನೆನಪಿಲ್ಲ ಅಂದ್ರ ಆಗೇ ಇಲ್ಲ ಅಂತೇನ? ಡ್ರಮ್ ತುಂಬಿಸಿದಾವ ನಾನು. ಲೈನಿನಾಗ ನಿಂತು, ಜಗಳಾಡಿ, ಹತ್ತು ಹಂಡೆ ಹೊತ್ತೀನಿ. ಒದ್ದದ್ದು ಯಾರು ಅಂತ ನನಗ ಗೊತ್ತಿಲ್ಲೇನ?"

ಅವ್ವ ಈಗಿಲ್ಲ. ನನ್ನ ಡೈರಿಗಳು ಶುರುವಾದದ್ದು ಅದಾಗಿ ಎರಡು ವರ್ಷಕ್ಕೆ. ಸಾಕ್ಷಿ ಯಾರೂ ಇಲ್ಲ. ಅಂಥ ಧೈರ್ಯ ನನ್ನಲ್ಲಿತ್ತು ಎಂದು ನಂಬುವುದು ನನಗೆ ಹಿತವಾಗಿತ್ತು, ಹಿತವಾದದ್ದರಿಂದಲೇ ಅನುಮಾನ ಬಂತು. ಅವನೋ ಖಂಡಿತವಾಗಿ ಹೇಳುತ್ತಿದ್ದ.

"ಸಿಟ್ಟು ಬಂದಿತ್ತೇನ ನನ್ನ ಮ್ಯಾಲ?"

"ಭಾಳ. ಒಂದು ವಾರ ಮಾತಾಡಿಲ್ಲ ನಿನ್ನ ಜೋಡಿ." ಖರ್ಜೂರದ ಬೀಜವೊಂದನ್ನು ಮರಳಿನಲ್ಲಿ ಹೂತ. "ಮುಂದ ಚಾಳಿನಾಗ ನಾಕು ಮಂದಿ ಜಡ್ಡಾಗಿ ಹಾಸಿಗಿ ಹಿಡಿದ್ರು. ಕುಡಿದಿದ್ರಲ್ಲ ಅದನ್ನ. ಆವಾಗ ಸಿಟ್ಟು ಇಳೀತು. ನಿನಗ ಹೇಳಿರಲಿಲ್ಲ."

ಅವನನ್ನು ತಿದ್ದಬೇಕೆನಿಸಿತು. ಹೇಗೆ ತಿದ್ದಲಿ? ನನ್ನ ಬಳಿ ಇದ್ದದ್ದೂ ಒಂದು ನೆನಪೇ, ಅವನ ಬಳಿ ಇದ್ದದ್ದೂ ಒಂದು ನೆನಪೇ. ಹಂಡೆ ಹೊತ್ತವನು ಅವನು.

ಬಾತ್‌ರೂಮಿನಲ್ಲಿ

ಮರುದಿನ ಪಾಠದ ರೀತಿ ಬದಲಿಸಿದೆ. ವನಿತಾಳ ಬಾತ್‌ರೂಮಿನಲ್ಲಿ ಒಂದು ಬಕೆಟ್ ತುಂಬಿ, ಒಂದು ಚಮಚ ಉಪ್ಪು ಕಲಸಿ, ಅವನನ್ನು ಎದುರಿಗೆ ನಿಲ್ಲಿಸಿದೆ.

"ಟರ್ಬೈನ್ ನಿಂತದ. ಮುಳ್ಳು ಏರಾಕತ್ತದ. ಹೂಂ?"

"ಡಂಪ್," ಎಂದ.

"ಬಾಯಿಲೆ ಅಲ್ಲ. ಚೆಲ್ಲು."

ಬಕೆಟ್ ಬಗ್ಗಿಸಿದ. ಅರ್ಧ ಚೆಲ್ಲಿ ನಿಲ್ಲಿಸಿದ. "ಉಳಿದದ್ದು ನೆಲಾ ಒರಸಾಕ ಆಗ್ತದಲ್ಲ ಅಕ್ಕಾ?"

"ಉಪ್ಪು ನೀರಿನಾಗ ನೆಲಾ ಒರಸ್ತಿ?"

"ಉಪ್ಪಿನಿಂದ ಇರುವಿ ಬರೂದಿಲ್ಲ."

ಇನ್ನೊಂದು ಬಕೆಟ್ ತುಂಬಿದೆ. ನಾನು ನೀರಿನ ದೇಶದಿಂದ ಬಂದು ಮರಳುಗಾಡಿನಲ್ಲಿ ನೀರು ಚೆಲ್ಲುವುದನ್ನು ಕಲಿಸುತ್ತಿದ್ದೆ. ಎರಡನೆಯದನ್ನು ಮುಕ್ಕಾಲು ಚೆಲ್ಲಿದ. ಮೂರನೆಯದನ್ನು ಬೈದು ಚೆಲ್ಲಿಸಬೇಕಾಯಿತು. ಸದ್ದು ಕೇಳಿ ವನಿತಾ ಬಂದು ನಿಂತಳು.

"ಎಂತ ಮಾರಾಯ್ರೆ ಇದು? ಅಕ್ಕ ತುಂಬಿಸುವುದು, ತಮ್ಮ ಚೆಲ್ಲುವುದು! ನಿಮ್ಮ ಮನೆಯಲ್ಲಿ ಎಲ್ಲ ಹೀಗೆಯಾ?"

ವಿಷಯ ಹೇಳಿದೆವು. ಅವಳು ನಗಲಿಲ್ಲ. ಒಳಗೆ ಹೋಗಿ ಉಪ್ಪಿನ ಡಬ್ಬಿಯನ್ನೇ ತಂದು ಬಾಗಿಲ ಬಳಿ ಇಟ್ಟಳು. "ಬೇಕಾದಷ್ಟು ಮಾಡಿ. ಎದುರು ಮನೆಗೆ ರೇಖಾ ಬರುವುದಾದರೆ ನನಗೆ ಮಾತಾಡ್ಲಿಕ್ಕೆ ಜನ ಆಗ್ತದೆ."

ನಾಲ್ಕನೆಯ ಬಕೆಟ್ಟನ್ನು ಗಿರೀಶ ಕಣ್ಣು ಮುಚ್ಚಿಕೊಂಡು ಪೂರ್ತಿ ಚೆಲ್ಲಿದ.

"ಅಲ್ಲಿ ಕಣ್ಣು ಮುಚ್ಚೂಹಂಗಿಲ್ಲ," ಎಂದೆ.

"ಗೊತ್ತದ," ಎಂದ ಬೇಸರದಿಂದ. "ಇನ್ನೊಂದು ತುಂಬು."

ಪರೀಕ್ಷೆಯ ದಿನ

ಪರೀಕ್ಷೆ ನಡೆಯುವ ಕಟ್ಟಡದ ಕ್ಯಾಂಟೀನಿನಲ್ಲಿ ಕಾಯಲು ನನಗೆ ಅನುಮತಿ ಸಿಕ್ಕಿತು. ಡೈರಿ ತೆರೆದು ಕೂತೆ, ಒಂದು ಸಾಲೂ ಬರೆಯಲಾಗಲಿಲ್ಲ. ಕಾಂದಿವಲಿಯಿಂದ ರೇಖಾ ಗಳಿಗೆಗೊಂದು ಮೆಸೇಜ್ ಕಳಿಸುತ್ತಿದ್ದಳು, "ಆತೇನ್ರಿ?" ಎಂದು. ಇಲ್ಲ ಎಂದು ಬರೆದೂ ಬರೆದೂ ಕೊನೆಗೆ ಫೋನನ್ನು ಬೋರಲು ಹಾಕಿದೆ.

ಹನ್ನೊಂದರ ಸುಮಾರಿಗೆ ಗಿರೀಶ ಬಂದ. ಅಂಗಿಯ ಬೆನ್ನು ತೋಯ್ದಿತ್ತು. ಎದುರಿಗೆ ಕೂತು ಎರಡೂ ಅಂಗೈ ಮೇಜಿನ ಮೇಲಿಟ್ಟ.

"ಚೆಲ್ಲಿದೆ," ಎಂದ.

"ಯಾವಾಗ?"

"ಮುಳ್ಳು ಅಲುಗಿದ ಕೂಡಲೆ. ಪೂರಾ ಏರೂಕಿಂತ ಮೊದಲs. ಸಲೀಂ ಸಾಹೇಬ್ರು ಗಡಿಯಾರ ನೋಡಿದ್ರು, ಆಮ್ಯಾಲ ನನ್ನ ಮಾರಿ ನೋಡಿದ್ರು. ಸ್ವಲ್ಪ ಒಳ್ಳೆ ನೀರೂ ಹೋತು ಅಂದ್ರು."

"ತಪ್ಪು ಅಂದ್ರೇನ?"

"ಏನೂ ಅನ್ನಲಿಲ್ಲ. ಬರಕೊಂಡ್ರು."

ಮುಂದಿನ ಅರ್ಧ ತಾಸು ಅಲ್ಲೇ ಕಾದೆವು. ನಾನೇ ಅವನಿಗೆ ಅತಿಯಾಗಿ ಕಲಿಸಿ ಕೆಡಿಸಿದೆನೇ ಎಂಬ ಯೋಚನೆ. ಕೊನೆಗೆ ಸಲೀಂ ಒಂದು ಹಾಳೆ ಹಿಡಿದು ಬಂದರು. ನನಗೆ ಸಲಾಂ ಹೇಳಿ, ಹಾಳೆಯನ್ನು ಅವನ ಮುಂದಿಟ್ಟು, ಹಿಂದಿಯಲ್ಲಿ ಹೇಳಿದರು: "ಒಳ್ಳೆಯ ನೀರು ಸ್ವಲ್ಪ ಹೋದರೆ ಮತ್ತೆ ಮಾಡಬಹುದು. ಸಮುದ್ರ ಎಲ್ಲಿಗೂ ಓಡುವುದಿಲ್ಲ. ಪಾಸ್."

ಗಿರೀಶ ಮೊದಲು ಮಾಡಿದ ಕೆಲಸ ಕಾಂದಿವಲಿಗೆ ಫೋನ್. ಸ್ಪೀಕರಿಗೆ ಹಾಕಿದ್ದ. ರೇಖಾ ಮೂಗೆಳೆದುಕೊಂಡ ಸದ್ದು ಬಂತು. ಫೋನು ಮುಕ್ತಾಳ ಕೈಗೆ ಹೋಯಿತು.

"ಪಪ್ಪಾ, ಸಚ್ಚೀ? ನಾವು... ಅಲ್ಲಿ ಬರೋದು, ಪಕ್ಕಾ? ಮೇರಾ ರೂಮ್ ಅಲಗ್ ಹೋಗಾ ಕ್ಯಾ?"

"ಅಲಗ್, ಪಕ್ಕಾ. ನಿನಗs ಒಂದು ಬ್ಯಾರೆ ರೂಮ್."

"ಮಮ್ಮಿ ಅಳ್ತಾಳೆ. ಆಪ್ ಬಾತ್ ಕರೋ ನಾ!"

"ಅಳೂದಿಲ್ಲ ನಾ," ಎಂದಳು ರೇಖಾ ಹಿಂದಿನಿಂದ. "ಸೂಟಿ ಮುಗಿದ ಕೂಡಲೆ ಸಾಲಿಗೆ ಹೋಗಿ ಟಿ.ಸಿ. ಕೇಳಬೇಕಲ್ಲ ಅಂತ ವಿಚಾರ ಮಾಡಾಕತ್ತೀನಿ. ಅಕ್ಕಾರ ಎಲ್ಲಿ ಅದಾರ? ಫೋನ್ ಕೊಡ್ರಿ ಅವರಿಗೆ."

ಆ ಸ್ಥಾವರದಲ್ಲಿ ಪಾಸಾದವರು ಸಿಹಿ ಹಂಚುವುದಿಲ್ಲ. ತಾವು ಇನ್ನು ಮೇಲೆ ನೋಡಿಕೊಳ್ಳುವ ನೀರನ್ನು ಆ ದಿನದ ಪಾಳಿಯವರಿಗೆಲ್ಲ ತಾವೇ ಬಡಿಸಬೇಕು. ಅದು ಯಾರು ಶುರು ಮಾಡಿದ್ದೋ ಸಲೀಂಗೂ ಗೊತ್ತಿಲ್ಲ. ಗಿರೀಶ ದೊಡ್ಡ ಹೂಜಿ ತುಂಬಿಸಿಕೊಂಡು ಬಂದ. ಮಧ್ಯಾಹ್ನದ ಊಟಕ್ಕೆ ಬಂದವರು ಒಬ್ಬೊಬ್ಬರಾಗಿ ಲೋಟ ಹಿಡಿದರು. ಒಬ್ಬ ಮಲಯಾಳಿ, ಇಬ್ಬರು ಫಿಲಿಪ್ಪೀನ್ಸಿನವರು, ನಿದ್ದೆಗಣ್ಣಿನಲ್ಲಿ ಎದ್ದು ಬಂದ ವನಿತಾಳ ಗಂಡ. ಪ್ರತಿಯೊಬ್ಬರೂ ಕುಡಿದು, ಉಪ್ಪಿದೆ ಎಂದು ಮುಖ ಕಿವುಚುವುದು ಅಲ್ಲಿಯ ತಮಾಷೆ. ಪ್ರತಿಸಲವೂ ಎಲ್ಲರೂ ನಗುತ್ತಿದ್ದರು. ಸಲೀಂ ಕುಡಿದು, ನಾಟಕಕ್ಕೂ ಮುಖ ಕಿವುಚದೆ, ಲೋಟ ಇಟ್ಟರು. ಕೊನೆಗೆ ಗಿರೀಶ ನನಗೆ ಕೊಟ್ಟ. ತಣ್ಣಗಿತ್ತು, ಸುಣ್ಣಕಲ್ಲು ದಾಟಿ ಬಂದ ನೀರು, ರುಚಿಯಿತ್ತು.

ಎಲ್ಲರೂ ಎದ್ದು ಹೋದ ಮೇಲೆ ಹೂಜಿಯ ತಳದಲ್ಲಿ ಅರ್ಧ ಲೋಟದಷ್ಟು ಉಳಿಯಿತು. ಕ್ಯಾಂಟೀನಿನವನು ತೊಳೆಯಲು ಹೂಜಿ ಕೇಳಿ ಕೈ ಚಾಚಿದ. ಬೇಸಿನ್ ಅಲ್ಲೇ ಪಕ್ಕದಲ್ಲಿತ್ತು. ಹೊಸ ಮುಖ್ಯಸ್ಥ ಒಂದು ನಿಮಿಷ ಎಂದು ಬೆರಳು ತೋರಿಸಿ, ಹೂಜಿಯನ್ನೇ ಎತ್ತಿ, ಕೊನೆಯ ಹನಿಯವರೆಗೂ ಕುಡಿದು ಕೊಟ್ಟ.